ಒಸಾಕಾದ ದಿಬ್ಬ ಹಿಡಿದು ಒಂದು ದಿನ

ಕೆಲಸದ ಮೇಲೆ ಒಸಾಕಾಕ್ಕೆ ಹೋಗಿದ್ದೆ. ಮಾರ್ಚ್‌ನಲ್ಲಿ ಹಗಲು ಇರುಳು ಸಮನಾಗುವ ದಿನ ಜಪಾನಿನಲ್ಲಿ ಸರ್ಕಾರಿ ರಜೆ. ಜೊತೆಗೆ ಯಾರೂ ಇಲ್ಲ, ಇಡೀ ದಿನ ನನ್ನದೇ. ದೋತೊಂಬೊರಿ ಎಂಬ ಕಾಲುವೆ ದಂಡೆಯ ಪೇಟೆಯ ದೀಪಗಳನ್ನು ಹಿಂದಿನ ರಾತ್ರಿಯೇ ನೋಡಿಯಾಗಿತ್ತು. ಅವತ್ತು ಊರನ್ನು ಉತ್ತರದಿಂದ ದಕ್ಷಿಣಕ್ಕೆ ನಡೆದೇ ನೋಡೋಣ ಅಂದುಕೊಂಡೆ.

ಅಲ್ಲಿ ದಾರಿ ಹಿಡಿಯುವುದು ಸುಲಭ. ರಸ್ತೆಯ ಹೆಸರಿನ ಕೊನೆಗೆ ‘ಸುಜಿ’ ಬಂದರೆ ಹೆಚ್ಚುಕಡಿಮೆ ಉತ್ತರ–ದಕ್ಷಿಣ, ‘ದೋರಿ’ ಬಂದರೆ ಪೂರ್ವ–ಪಶ್ಚಿಮ. ಇಷ್ಟು ತಿಳಿದ ಮೇಲೆ ಫೋನನ್ನು ಪದೇಪದೇ ತೆಗೆಯಬೇಕಾಗಲಿಲ್ಲ.

ಒಂಬತ್ತೂವರೆಗೆ ತೆಂಜಿನ್‌ಬಾಷಿಸುಜಿಯ ಉತ್ತರದ ತುದಿಯಿಂದ ಹೊರಟೆ. ಸುಮಾರು 2.6 ಕಿಲೋಮೀಟರ್ ಉದ್ದದ, ಮೇಲೆ ಚಾವಣಿ ಹೊದಿಸಿದ ಪೇಟೆಬೀದಿ ಅದು. ಚಹಾಪುಡಿ, ಚಾಕು, ಹಳೇ ಬಟ್ಟೆ, ಉಪ್ಪಿನಕಾಯಿ ಎಲ್ಲ ಉಂಟು. ನಾನು ಸಸ್ಯಾಹಾರಿ. ಅಲ್ಲಿಯ ಸಾರಿನಲ್ಲೂ ಮೀನಿನ ರಸ ಇರುವುದೇ ಹೆಚ್ಚು, ಹಾಗಾಗಿ ಹೋಟೆಲಿನ ಗೊಡವೆಗೇ ಹೋಗಲಿಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಬಿಸಿ ಬಿಸಿ ಸುಟ್ಟ ಗೆಣಸು ಸಿಕ್ಕಿತು, ಜೊತೆಗೆ ಬಾಳೆಹಣ್ಣು. ಜೇನಿನಂಥ ಆ ಗೆಣಸೇ ಸಂಜೆಯವರೆಗೆ ಕಾಯಿತು. ಸಿಪ್ಪೆ ಹಾಕಲು ಬ್ಯಾಗಿನಲ್ಲೊಂದು ಕವರ್ ಇರಲಿ, ಬೀದಿಯಲ್ಲಿ ಕಸದ ಡಬ್ಬಿ ಸಿಗುವುದೇ ಅಪರೂಪ.

ನದಿ ದಾಟಿ ಕೋಟೆಗೆ ಬಂದೆ. ಜಪಾನನ್ನು ಒಂದುಗೂಡಿಸಿದ ದಳಪತಿ ಹಿದೆಯೋಶಿ 1583ರಲ್ಲಿ ಕಟ್ಟಲು ತೊಡಗಿದ ಕೋಟೆ ಎಂದು ಎಲ್ಲರೂ ನೋಡುವ ಗೋಪುರ ನಿಜಕ್ಕೂ 1931ರ ಕಾಂಕ್ರೀಟು, ಊರಿನ ಜನ ಚಂದಾ ಎತ್ತಿ ಕಟ್ಟಿಸಿದ್ದು. ಒಳಗೆ ಲಿಫ್ಟ್ ಇದೆ. ನಾನು ಹತ್ತಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಂದಕದ ಗೋಡೆಗಳು. ಅವೂ ಹಿದೆಯೋಶಿಯವಲ್ಲ, ಅವನ ವಂಶವನ್ನು ಸೋಲಿಸಿದ ತೊಕುಗಾವಾಗಳು 1620ರ ದಶಕದಲ್ಲಿ ಹಳೆಯದನ್ನು ಮಣ್ಣಿನಡಿ ಹೂತು ಎಬ್ಬಿಸಿದವು. ಬಾಗಿಲ ಬಳಿಯ ‘ತಾಕೋಇಶಿ’ ಎಂಬ ಒಂದೇ ಕಲ್ಲು ಸುಮಾರು 108 ಟನ್ ಎಂದು ಅಂದಾಜು. ಅದರ ಮುಂದೆ ಅರ್ಧ ಗಂಟೆ ಕೂತಿದ್ದೆ.

ಕೋಟೆಯಿಂದ ದಕ್ಷಿಣಕ್ಕೆ ನಡೆದಾಗಲೇ ನನಗೆ ಒಸಾಕಾ ಅರ್ಥವಾದದ್ದು. ಚಪ್ಪಟೆ ಊರು ಅಂದುಕೊಂಡಿದ್ದೆ. ಆದರೆ ಕೋಟೆಯಿಂದ ಶಿತೆನ್ನೋಜಿ ದೇವಾಲಯದವರೆಗೂ ಮುಂದಕ್ಕೂ ಉವೆಮಾಚಿ ಎಂಬ ಉದ್ದನೆಯ ದಿಬ್ಬವಿದೆ. ಬಹಳ ಹಿಂದೆ ಅದರ ಎರಡೂ ಬದಿಗೆ ನೀರಿತ್ತು. ಆಗ ಕಡಲೊಳಗೆ ಚಾಚಿದ್ದ ನೆಲ ಇದೊಂದೇ. ಪುಸ್ತಕದಲ್ಲಿ ಓದಿದ್ದು ಮೀನಖಂಡಕ್ಕೆ ತಿಳಿಯಬೇಕಾದರೆ ಇಳಿಜಾರುಗಳನ್ನು ಇಳಿದು ಹತ್ತಬೇಕು. ಗೆನ್‌ಶೋಜಿ ಇಳಿಜಾರಿನಲ್ಲಿ ಪಶ್ಚಿಮಕ್ಕೆ ಇಳಿದೆ, ಕುಚಿನಾವಾದ ಮೆಟ್ಟಿಲು ಹತ್ತಿ ವಾಪಸ್ ಬಂದೆ. ಕುಚಿನಾವಾ ಅಂದರೆ ಹಳೇ ಮಾತಿನಲ್ಲಿ ಹಾವು. ಇಕ್ಕೆಲದಲ್ಲಿ ದೇವಾಲಯದ ಗೋಡೆ, ಮೇಲೆ ಮರಗಳ ನೆರಳು, ಗಾಡಿಗಳ ಸದ್ದೇ ಇಲ್ಲ. ಒಂದಾನೊಂದು ಕಾಲದ ಕಡಲತೀರದಿಂದ ಮೇಲಕ್ಕೆ ಬರುತ್ತಿದ್ದೇನೆ ಎಂದು ಆ ಮೆಟ್ಟಿಲ ಮೇಲೆ ಮೈ ಜುಮ್ಮೆಂದಿತು.

ಹಿಮ್ಮಡಿಯಲ್ಲಿ ಆಗಲೇ ಬೊಬ್ಬೆ ಎದ್ದಿತ್ತು. ಹೊಸ ಶೂ ಹಾಕಿಕೊಂಡು ಇಷ್ಟು ದೂರ ನಡೆಯಬೇಡಿ.

ಶಿತೆನ್ನೋಜಿಯನ್ನು ರಾಜಕುಮಾರ ಶೋತೊಕು 593ರಲ್ಲಿ ಸ್ಥಾಪಿಸಿದನೆಂದು ಹೇಳುತ್ತಾರೆ. ಈಗಿನ ಮುಖ್ಯ ಕಟ್ಟಡಗಳು ಎರಡನೇ ಮಹಾಯುದ್ಧದ ಬಾಂಬಿಗೆ ಸುಟ್ಟಮೇಲೆ ಕಟ್ಟಿದವು. ಹೆಸರಿನ ಅರ್ಥ ನಾಲ್ಕು ದಿಕ್ಕು ಕಾಯುವ ನಾಲ್ವರು ರಾಜರ ದೇವಾಲಯ. ಪಶ್ಚಿಮವನ್ನು ಕಾಯುವವನ ಸಂಸ್ಕೃತ ಹೆಸರು ವಿರೂಪಾಕ್ಷ! ಹಂಪಿಯ ದೇವರು ಬೇರೆ, ಈ ರಾಜ ಬೇರೆ. ಆದರೂ ಅಷ್ಟು ದೂರದಲ್ಲಿ ಆ ಹೆಸರು ನೆನಪಾದಾಗ ಕಣ್ಣು ತುಂಬಿತು. ಅವತ್ತು ಜನ ತೀರಿಹೋದವರ ಹೆಸರು ಬರೆಸಿದ ತೆಳು ಮರದ ಪಟ್ಟಿಗಳನ್ನು ಅಲ್ಲಿಯ ನೀರಿಗೆ ಬಿಡುತ್ತಿದ್ದರು. ನಮ್ಮ ಮಹಾಲಯ ಅಮಾವಾಸ್ಯೆ ನೆನಪಾಗಿ, ಅಜ್ಜಿಯ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡೆ.

ಪಶ್ಚಿಮದಲ್ಲಿ 1294ರ ಕಲ್ಲಿನ ತೋರಣವಿದೆ. ಹಗಲು ಇರುಳು ಸಮನಾಗುವ ಈ ದಿನ ಸೂರ್ಯ ಅದರ ನಡುವೆ ಮುಳುಗುತ್ತಾನೆ. ಜನ ಕೈಮುಗಿದು ನಿಂತಿದ್ದರು. ನಾನು ಹಿಂದೆ ಇದ್ದದ್ದು ಕಂಡು ಒಬ್ಬರು ಅಜ್ಜಿ ತೋಳು ಹಿಡಿದು ಮುಂದೆ ಎಳೆದುಕೊಂಡರು. ಒಂದು ಕಾಲದಲ್ಲಿ ಅಲ್ಲಿಂದ ಕಡಲು ಕಾಣುತ್ತಿತ್ತು. ಈಗ ಸೂರ್ಯ ಕಟ್ಟಡಗಳ ಹಿಂದೆ ಇಳಿಯುತ್ತಾನೆ. ಹೋಗುವುದಾದರೆ ಐದೂವರೆಗೇ ಅಲ್ಲಿರಿ, ಆರು ದಾಟಿ ಸ್ವಲ್ಪ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.