ಸಿಇಟಿಗೆ ನಾನು ಹಾಕಿದ ಲೆಕ್ಕ

2021ರ ಜುಲೈ 19, ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆ. ಕೊರೊನಾ ಅಂತ ಆ ವರ್ಷ ಉದ್ದುದ್ದ ಬರೆಯುವ ಪ್ರಶ್ನೆಗಳೇ ಇರಲಿಲ್ಲ. ಗಣಿತ, ವಿಜ್ಞಾನ, ಸಮಾಜ ಮೂರೂ ಒಂದೇ ದಿನ. ಒಂದೊಂದಕ್ಕೆ 40 ಪ್ರಶ್ನೆ, ಉತ್ತರವೆಲ್ಲ ಓಎಂಆರ್ ಹಾಳೆಯಲ್ಲಿ, ಅಂದರೆ ಸರಿಯುತ್ತರದ ವೃತ್ತವನ್ನು ಪೆನ್ನಿನಿಂದ ತುಂಬುವ ಹಾಳೆ. ವಿಜ್ಞಾನದ 17ನೇ ಪ್ರಶ್ನೆ ಬರಲಿಲ್ಲ, ಬಿಟ್ಟು ಮುಂದೆ ಹೋದೆ. ಆದರೆ 18ರ ಉತ್ತರವನ್ನು 17ರ ಸಾಲಿನಲ್ಲಿ ಶೇಡ್ ಮಾಡಿಬಿಟ್ಟೆ. ತಪ್ಪು ಕಣ್ಣಿಗೆ ಬಿದ್ದಿದ್ದು 26ಕ್ಕೆ ಬಂದಾಗ. ಬಾಲ್‌ಪೆನ್ ಬೇರೆ, ಅಳಿಸುವ ಹಾಗಿಲ್ಲ. ಗೊತ್ತಿದ್ದ ಎಂಟು ಉತ್ತರ ಬೇರೆ ಸಾಲಿಗೆ ಹೋಗಿದ್ದವು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆ ವರ್ಷ ಪಾಸಾಗುವುದು ಕಷ್ಟವೇನೂ ಇರಲಿಲ್ಲ ಬಿಡಿ. ಆದರೆ ಎರಡು ವರ್ಷಕ್ಕೆ, ಎಂಜಿನಿಯರಿಂಗ್ ಸೀಟಿಗೆ ಬರೆಯುವ ಸಿಇಟಿಯಲ್ಲಿ ಇದೇ ಹಾಳೆ ಮತ್ತೆ ಎದುರು ಬರುತ್ತೆ ಅನ್ನೋದು ತಲೆಯಲ್ಲಿ ಕೂತಿತು.

ನಮ್ಮದು ಮುಧೋಳ ತಾಲ್ಲೂಕಿನ ಹಳ್ಳಿ, ಕಬ್ಬಿನ ಸೀಮೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಗೆ ಬಾಗಲಕೋಟೆ ನವನಗರಕ್ಕೆ ಹೋಗಿ ಒಂದು ಸೆಕ್ಟರ್‌ನಲ್ಲಿ ರೂಮು ಮಾಡಿದೆ. ಆ ನಡುವಿನ ರಜೆಯಲ್ಲಿ ಮಾಡಿದ ಒಂದೇ ಒಳ್ಳೆ ಕೆಲಸ ಅಂದ್ರೆ ಎರಡು ಕಾಲಂನ ನೋಟ್‌ಬುಕ್. ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್. ವಕ್ರೀಭವನ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ರಿಫ್ರ್ಯಾಕ್ಷನ್ ಅಂದರೆ ಅದೋ, ರಿಫ್ಲೆಕ್ಷನ್ ಅಂದರೆ ಅದೋ ಅಂತ ಪ್ರತಿ ಸಲ ಗೊಂದಲ. ವೇಗೋತ್ಕರ್ಷ, ಪ್ರತಿಫಲನ, ರಾಸಾಯನಿಕ ಬಂಧ ಹೀಗೆ ಸುಮಾರು ಮುನ್ನೂರು ಪದ ಆಯಿತು. ಕಾಲೇಜು ಶುರುವಾದ ಮೊದಲ ತಿಂಗಳು ನನ್ನನ್ನು ಉಳಿಸಿದ್ದು ಅದೇ. ಸಿಇಟಿ ಪ್ರಶ್ನೆಪತ್ರಿಕೆಯಲ್ಲಿ ಕನ್ನಡವೂ ಇರುತ್ತೆ, ನಿಜ. ಆದರೆ ಕ್ಲಾಸಿನಲ್ಲಿ ಪಾಠ ಇಂಗ್ಲಿಷಿನಲ್ಲೇ ಅಲ್ವಾ?

ಮೊದಲ ವರ್ಷ ಮೂರೂ ಪರೀಕ್ಷೆ ಬರೀತೀನಿ ಅಂತಿದ್ದೆ, ಜೆಇಇ, ನೀಟ್, ಸಿಇಟಿ. ಸೀನಿಯರ್ ಒಬ್ಬರ ಹಳೆ ಪುಸ್ತಕ ಎರಡು ಚೀಲ ತಂದು ರೂಮಿನಲ್ಲಿ ಗುಡ್ಡೆ ಹಾಕಿದ್ದೆ. ದೀಪಾವಳಿಗೆ ಊರಿಗೆ ಬಂದಾಗ ಅಪ್ಪನ ಜೊತೆ ರಾತ್ರಿ ಕಬ್ಬಿಗೆ ನೀರು ಹಾಯಿಸಲು ಹೋದೆ. ಹೊಲದ ಬದುವಿನ ಮೇಲೆ ಕೂತು ನನ್ನ ಪ್ಲಾನ್ ಎಲ್ಲ ಹೇಳಿದೆ. ಅಪ್ಪ ಸಲಿಕೆಯಿಂದ ಮಣ್ಣು ಎಳೆದು ಒಂದು ಸಾಲಿನ ಬಾಯಿ ಮುಚ್ಚುತ್ತಾ, "ಕರೆಂಟ್ ಇರೂದ ನಾಕ ತಾಸು ತಮ್ಮಾ. ಎಲ್ಲಾ ಸಾಲಿಗೂ ಒಮ್ಮೆಲೆ ಬಿಟ್ರ ಯಾವ್ದೂ ನೆನೆಯೂದಿಲ್ಲ" ಅಂದರು. ನನಗೆ ಜೀವಶಾಸ್ತ್ರ ಮೊದಲಿಂದಲೂ ಅಷ್ಟಕ್ಕಷ್ಟೇ, ಹಾಗಾಗಿ ನೀಟ್ ಬಿಟ್ಟೆ. ಜೆಇಇಯನ್ನೂ ಬಿಟ್ಟೆ. ಅದು ಸರಿಯೋ ತಪ್ಪೋ ಅಂತ ಈಗಲೂ ಒಮ್ಮೊಮ್ಮೆ ಅನುಮಾನ ಬರುತ್ತೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ, ಅರ್ಧ ಪಿಯುಸಿ. ಸಿಇಟಿಯಲ್ಲಿ ಭೌತ, ರಸಾಯನ, ಗಣಿತ ತಲಾ 60, ಒಟ್ಟು 180. ಪಿಯುಸಿಯಲ್ಲಿ ಅವೇ ಮೂರಕ್ಕೆ 300. ಎರಡನ್ನೂ 50ಕ್ಕೆ ಇಳಿಸಿದರೆ ಸಿಇಟಿಯ 3 ಪ್ರಶ್ನೆ ಪಿಯುಸಿಯ 5 ಅಂಕಕ್ಕೆ ಸಮ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ರೂಮಿನ ಗೆಳೆಯರು "ಸಿಇಟಿ ಒಂದೇ ನೋಡ್ಕೋ, ಬೋರ್ಡ್ ಎಕ್ಸಾಮ್ ಹೆಂಗೂ ಆಗ್ತದ" ಅನ್ನುತ್ತಿದ್ದರು. ಗೋಡೆ ಕಡೆ ಕೈ ತೋರಿಸುತ್ತಿದ್ದೆ.

ಆದರೂ ಒಂದು ಕಡೆ ಎಡವಿದೆ. ಎರಡನೇ ವರ್ಷದ ಬೋರ್ಡ್ ಪರೀಕ್ಷೆಗೆ ಎರಡನೇ ವರ್ಷದ ಪಾಠ ಓದಿದರೆ ಸಾಕು. ಸಿಇಟಿಗೆ ಎರಡೂ ವರ್ಷದ್ದು ಬೇಕು. ನಾನು ಮೊದಲ ಪಿಯು ಪುಸ್ತಕಗಳನ್ನು ಊರಿಗೆ ಒಯ್ದು ಅಟ್ಟದ ಮೇಲೆ ಇಟ್ಟುಬಿಟ್ಟಿದ್ದೆ. ಬೋರ್ಡ್ ಪರೀಕ್ಷೆ ಮುಗಿದಿದ್ದು 2023ರ ಮಾರ್ಚ್ 29ಕ್ಕೆ. ಸಿಇಟಿ ಮೇ 20 ಮತ್ತು 21. ನಡುವೆ ಐವತ್ತು ದಿನ. ಅಟ್ಟ ಹತ್ತಿ ಪುಸ್ತಕ ಇಳಿಸಿ, ಧೂಳು ಕೊಡವಿ, ಚಲನೆಯ ನಿಯಮಗಳ ಪಾಠ ತೆರೆದರೆ ಯಾರೋ ಬೇರೆಯವರು ಓದಿದ ಪುಸ್ತಕದ ಹಾಗಿತ್ತು. ವಾರಕ್ಕೆ ಒಂದು ಭಾನುವಾರ ಇದಕ್ಕೆ ಕೊಟ್ಟಿದ್ದರೂ ಸಾಕಿತ್ತು. ಐವತ್ತರಲ್ಲಿ ಮೂವತ್ತು ದಿನ ಇದಕ್ಕೇ ಹೋಯಿತು.

ಉಳಿದ ಇಪ್ಪತ್ತು ದಿನ ಊರಲ್ಲೇ ಇದ್ದು ಹಳೆ ಪ್ರಶ್ನೆಪತ್ರಿಕೆ ಬಿಡಿಸಿದೆ. ಝೆರಾಕ್ಸ್ ಅಂಗಡಿಯಲ್ಲಿ ಓಎಂಆರ್ ಹಾಳೆಯ 50 ಪ್ರತಿ ಮಾಡಿಸಿದ್ದೆ. ಪರೀಕ್ಷೆಯ ಹೊತ್ತಿಗೇ ಕೂರುತ್ತಿದ್ದೆ, ಬೆಳಿಗ್ಗೆ 10.30ಕ್ಕೆ ಒಂದು, ಮಧ್ಯಾಹ್ನ 2.30ಕ್ಕೆ ಒಂದು. 80 ನಿಮಿಷಕ್ಕೆ 60 ಪ್ರಶ್ನೆ. ಮೇ ತಿಂಗಳ ಬಿಸಿಲು, ತಗಡಿನ ಮನೆ, ಮಧ್ಯಾಹ್ನ ಕರೆಂಟ್ ಇರಲ್ಲ. ಅಂಗೈ ಬೆವರಿ ಹಾಳೆ ಒದ್ದೆಯಾಗೋದು. ಅವ್ವ ಹಳೆ ಟವೆಲ್ ಒಂದನ್ನು ಮಡಚಿ ಕೈ ಕೆಳಗೆ ಇಟ್ಟಳು. ಮೊದಲ ದಿನ ಗಣಿತದಲ್ಲಿ 41ಕ್ಕೇ ಟೈಮ್ ಮುಗೀತು. ಆಮೇಲೆ ಒಂದು ಪದ್ಧತಿ ಹಿಡಿದೆ. ಹತ್ತು ಪ್ರಶ್ನೆಗೆ ಉತ್ತರ ಹುಡುಕಿ ಪ್ರಶ್ನೆಪತ್ರಿಕೆಯಲ್ಲೇ ಸಣ್ಣ ಗುರುತು ಹಾಕೋದು, ನಂತರ ನಂಬರ್ ಬಾಯಲ್ಲಿ ಹೇಳಿಕೊಳ್ಳುತ್ತಾ ಹತ್ತನ್ನೂ ಒಟ್ಟಿಗೆ ಶೇಡ್ ಮಾಡೋದು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ. ಹಾಗಾಗಿ ಕೊನೆಯ ಐದು ನಿಮಿಷ ಬಾರದ ಪ್ರಶ್ನೆಗಳಿಗೂ ಒಂದೊಂದು ಶೇಡ್. ಮೇ 20ರ ಮಧ್ಯಾಹ್ನ ಗಣಿತದಲ್ಲಿ ಹಾಗೆ ಏಳು ಪ್ರಶ್ನೆಗೆ ಸುಮ್ನೆ ತುಂಬಿದೆ. ಸಾಲು ಮಾತ್ರ ಒಂದೂ ತಪ್ಪಲಿಲ್ಲ.

ಓದಿಗಿಂತ ಜಾಸ್ತಿ ಓಡಾಡಿಸಿದ್ದು ಕಾಗದಪತ್ರ. ಪಕ್ಕದ ಕೊಪ್ಪಳದವರಿಗೆ 371ಜೆ ಅಂತ ಕಲ್ಯಾಣ ಕರ್ನಾಟಕದ ಮೀಸಲಾತಿ ಇದೆ, ನಮ್ಮ ಜಿಲ್ಲೆಗೆ ಇಲ್ಲ. ನನಗಿದ್ದಿದ್ದು ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮ ಶೇ 5. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಓದಿದ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೂ ಆಗಬೇಕು. ಟಿಸಿ ತರುವ ದಿನವೇ ಮಾಡಿಸಿಕೊಂಡಿದ್ದರೆ ಮುಗೀತಿತ್ತು. ನಾನು ಎರಡು ವರ್ಷ ಬಿಟ್ಟು ಹೋಗಿ, ಒಂದು ಸೀಲು ಇಲ್ಲದ್ದಕ್ಕೆ ಮೂರು ಸಲ ಬಸ್ ಹತ್ತಿದೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಅರ್ಜಿಯಲ್ಲಿ ಹಾಕುವಾಗ ಹೆಸರು ಹೊಂದಲಿಲ್ಲ, ಮತ್ತೆ ನಾಡಕಚೇರಿ.

ಈಗ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ತಂಗಿ ಈ ವರ್ಷ ಹತ್ತನೇ ತರಗತಿ. ಮೊನ್ನೆ ಊರಿಗೆ ಹೋದಾಗ ಯಾವ ಪುಸ್ತಕ ಓದಲಿ ಅಂತ ಕೇಳಿದಳು. ಮೊದಲು ಆಧಾರ್ ಕಾರ್ಡ್ ತಗೊಂಡು ಬಾ ಅಂದೆ. ಶಾಲೆಯ ದಾಖಲೆ ಜೊತೆ ಇಟ್ಟು ನೋಡಿದರೆ ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಶಿಯಲ್. ಸೋಮವಾರ ಅಪ್ಪ ಮುಧೋಳಕ್ಕೆ ಹೋಗೋರಿದ್ದಾರೆ, ಅವಳನ್ನೂ ಕರ್ಕೊಂಡು.