ತಕ್ಕಡಿ, ಚೀಟಿ, ಬಟವಾಡೆ: ದಾವಣಗೆರೆಯ ಕ್ರೈಸ್ತರಿಗೆ ಪ್ರಾಮಾಣಿಕ ದುಡಿಮೆಯ ಕೈಪಿಡಿ

ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯವನ್ನು ಒಂದೇ ಉಸಿರಿಗೆ ಓದಿ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ 18ನೇ ವಚನದಲ್ಲಿದೆ. ಅದಕ್ಕಿಂತ ಐದು ವಚನ ಮೊದಲು, ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಎಂದಿದೆ. ಹದಿನೇಳು ವಚನ ಮುಂದೆ ಹೋದರೆ ತಕ್ಕಡಿ, ತೂಕದ ಕಲ್ಲು, ಅಳತೆಯ ಪಾತ್ರೆಗಳ ಮಾತು. ಪ್ರೀತಿ ನಡುವೆ, ಅದರ ಎರಡು ಮಗ್ಗುಲಿಗೆ ಕೂಲಿ ಮತ್ತು ತೂಕ. ಪ್ರೀತಿಯ ಬಗ್ಗೆ ಪ್ರಸಂಗ ಕೇಳಿ ಬಂದವರು ಸೋಮವಾರ ಮೊದಲು ನೋಡಬೇಕಾದದ್ದು ತಮ್ಮ ತೂಕದ ಮಷಿನ್ನನ್ನು.

ಇದನ್ನು ಬರೆದಿರುವುದು ಮಂಡಿಪೇಟೆಯಲ್ಲಿ, ಎಪಿಎಂಸಿ ಯಾರ್ಡಿನಲ್ಲಿ, ಮಂಡಕ್ಕಿ ಭಟ್ಟಿಗಳಲ್ಲಿ, ಕಚೇರಿಗಳಲ್ಲಿ ದುಡಿಯುವ ಕ್ರೈಸ್ತರಿಗಾಗಿ. ಉಳಿದವರು ಓದಿದರೂ ನಷ್ಟವಿಲ್ಲ. ತಕ್ಕಡಿಗೆ ಜಾತಿ ಧರ್ಮ ಇಲ್ಲ.

ತೂಕದಿಂದ ಶುರು ಮಾಡಿ

ಎಲೆಕ್ಟ್ರಾನಿಕ್ ತಕ್ಕಡಿಯ ಬದಿಯಲ್ಲೋ ಹಿಂದೆಯೋ ಒಂದು ಫಲಕ ಇರುತ್ತದೆ. ಗರಿಷ್ಠ ತೂಕ, ಕನಿಷ್ಠ ತೂಕ, ಒಂದು ವಿಭಾಗ (ಮಷಿನ್ ತೋರಿಸುವ ಅತಿ ಸಣ್ಣ ಏರಿಕೆ) ಎಷ್ಟು ಗ್ರಾಂ ಎಂಬುದು ಅದರಲ್ಲಿ ನಮೂದಾಗಿರುತ್ತವೆ. ಅಂಗಡಿಗಳಲ್ಲಿ ಬಳಸುವ ಮೂರನೇ ದರ್ಜೆಯ ತಕ್ಕಡಿಯ ಕನಿಷ್ಠ ತೂಕ ಸಾಮಾನ್ಯವಾಗಿ ಅದರ ವಿಭಾಗದ ಇಪ್ಪತ್ತು ಪಟ್ಟು. ಅಂದರೆ 5 ಗ್ರಾಂ ವಿಭಾಗದ 30 ಕೆಜಿ ಮಷಿನ್ನಿನಲ್ಲಿ 100 ಗ್ರಾಂಗಿಂತ ಕಡಿಮೆ ತೂಗುವಂತಿಲ್ಲ. ಅಕ್ಕಿ ತೂಗುವ ಆ ಮಷಿನ್ನಿನಲ್ಲೇ 25 ಗ್ರಾಂ ಏಲಕ್ಕಿ ತೂಗಿಕೊಟ್ಟರೆ, ಮೋಸ ಮಾಡುವ ಮನಸ್ಸಿಲ್ಲದಿದ್ದರೂ ಗಿರಾಕಿಗೆ 20 ಗ್ರಾಂ ಹೋಗಬಹುದು, 30 ಗ್ರಾಂ ಕೂಡ ಹೋಗಬಹುದು. ಏಲಕ್ಕಿ, ಲವಂಗ, ಕೇಸರಿ ಮಾರುವವರು ಸಣ್ಣ ತಕ್ಕಡಿಯನ್ನು ಬೇರೆಯೇ ಇಟ್ಟುಕೊಳ್ಳಬೇಕು.

ದಿನಾ ಬೆಳಿಗ್ಗೆ ಕದ ತೆಗೆದ ಮೇಲೆ ಕಾಲು ಗಂಟೆಯ ಕೆಲಸ ಇದೆ. ಮಷಿನ್ ಚಾಲೂ ಮಾಡಿ ಹತ್ತು ನಿಮಿಷ ಬಿಡಿ. ಮಟ್ಟದ ಗುಳ್ಳೆ ವೃತ್ತದ ನಡುವೆ ಇದೆಯೇ ನೋಡಿ. ಗುಳ್ಳೆ ಇಲ್ಲದ ಮಷಿನ್ನಾದರೆ ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿದರೂ ಸಾಕು. ಫ್ಯಾನಿನ ಗಾಳಿ ನೇರ ತಟ್ಟೆಗೆ ಬೀಳದಂತೆ ಜಾಗ ಬದಲಿಸಿ. ಆಮೇಲೆ ಸರ್ಕಾರಿ ಮೊಹರು ಇರುವ ಒಂದು ಕೆಜಿ ಕಲ್ಲನ್ನು ತಟ್ಟೆಯ ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಂದೊಂದು ಸಲ ಇಡಿ. ಐದೂ ಕಡೆ ಒಂದೇ ಅಂಕಿ ಬರಬೇಕು. ಒಂದು ಮೂಲೆಯಲ್ಲಿ ವ್ಯತ್ಯಾಸ ಬಂದರೆ ಒಳಗಿನ ತೂಕ ಗ್ರಹಿಸುವ ಲೋಡ್‌ಸೆಲ್ ಬಾಗಿದೆ ಅಥವಾ ತಟ್ಟೆಯ ಕೆಳಗೆ ಕಾಳು ಸಿಕ್ಕಿಕೊಂಡಿದೆ. ಹೆಚ್ಚಿನ ಸಲ ಕಾಳೇ ಕಾರಣ. ಹರಿಹರದ ಆರೋಗ್ಯ ಮಾತೆಯ ಹಬ್ಬದಂಥ ಕಡೆ ಬಯಲಿನಲ್ಲಿ ಅಂಗಡಿ ಹಾಕುವವರು ನೆಲ ಸಮವಿಲ್ಲದ ಕಡೆ ಮಷಿನ್ನನ್ನು ಹಲಗೆಯ ಮೇಲಿಟ್ಟು, ಜಾಗ ಬದಲಿಸಿದಾಗಲೆಲ್ಲ ಈ ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮೊಹರು ಆಗಬೇಕು, ಕಬ್ಬಿಣದ ಕಲ್ಲುಗಳಿಗೆ ಎರಡು ವರ್ಷಕ್ಕೊಮ್ಮೆ. ಪ್ರಮಾಣಪತ್ರವನ್ನು ಬೀರುವಿನಲ್ಲಿ ಇಡದೆ ಗಿರಾಕಿಗೆ ಕಾಣುವ ಕಡೆ ತೂಗುಹಾಕಿ. ರಿಪೇರಿಯವನು ಸೀಲು ಒಡೆದು ಬಿಚ್ಚಿದ ಮಷಿನ್ನನ್ನು ಮತ್ತೆ ಮೊಹರು ಆಗುವ ತನಕ ವ್ಯಾಪಾರಕ್ಕೆ ಬಳಸಬಾರದು. ಜನ ಎಡವುವುದು ಇಲ್ಲೇ: ರಿಪೇರಿ ಮಾಡಿಸುತ್ತಾರೆ, ಮೊಹರು ಮರೆಯುತ್ತಾರೆ.

ಬೇಕರಿ, ಸಿಹಿ ಅಂಗಡಿಯವರು ಖಾಲಿ ಡಬ್ಬಿ ಇಟ್ಟು, ಟೇರ್ ಗುಂಡಿ ಒತ್ತಿ, ಸೊನ್ನೆ ಬಂದ ಮೇಲೆ ಮೈಸೂರುಪಾಕು ತುಂಬಲಿ. 80 ಗ್ರಾಂ ರಟ್ಟಿನ ಡಬ್ಬಿಯನ್ನು ಕೆಜಿಗೆ 500 ರೂಪಾಯಿಯ ಸಿಹಿಯ ಜೊತೆ ತೂಗಿದರೆ ರಟ್ಟಿಗೆ 40 ರೂಪಾಯಿ ಬಿತ್ತು. ಇಷ್ಟು ದುಬಾರಿ ರಟ್ಟು ದಾವಣಗೆರೆಯಲ್ಲಿ ಎಲ್ಲೂ ಸಿಗುವುದಿಲ್ಲ.

ಮಂಡಕ್ಕಿಯನ್ನು ಅಳತೆಯಲ್ಲಿ ಮಾರುವ ಕಡೆ ಕಣ್ಣು ಪಾತ್ರೆಯ ಮೇಲಿರಲಿ. ಸೇರಿನ ತಳ ಒಳಕ್ಕೆ ಗುದ್ದಿಕೊಂಡಿದ್ದರೆ, ಅಳೆಯುವಾಗ ಹೆಬ್ಬೆರಳು ಬಾಯಿಯೊಳಗೆ ಇಳಿದಿದ್ದರೆ ಪ್ರತಿ ಸಲವೂ ಒಂದು ಹಿಡಿ ಕಡಿಮೆ. ಆಮೋಸ 8:5ರಲ್ಲಿ ಪ್ರವಾದಿ ಬೈಯುವುದು ಇದನ್ನೇ: ಮಾರುವ ಅಳತೆಯನ್ನು ಕಿರಿದು ಮಾಡುವುದು, ಬೆಳ್ಳಿ ತೂಗಿಕೊಳ್ಳುವ ಕಲ್ಲನ್ನು ಹಿರಿದು ಮಾಡುವುದು. ಕೊಳ್ಳುವಾಗ ಒಂದು ಅಳತೆ, ಮಾರುವಾಗ ಇನ್ನೊಂದು. ಕೊಳ್ಳಲು ಮತ್ತು ಮಾರಲು ಒಂದೇ ಮಷಿನ್, ಒಂದೇ ಸೇರು ಇಟ್ಟುಕೊಂಡರೆ ಈ ರೋಗದ ಅರ್ಧ ತಾನಾಗಿ ಹೋಗುತ್ತದೆ.

ಮೆಕ್ಕೆಜೋಳ, ತೇವಾಂಶ, ಸೂಟು

ಮೆಕ್ಕೆಜೋಳ ಕೊಳ್ಳುವವರು ತೇವಾಂಶಕ್ಕೆ ಕಡಿತ ಮಾಡುವುದು ತಪ್ಪಲ್ಲ. ನೀರಿಗೆ ಜೋಳದ ಬೆಲೆ ಯಾರೂ ಕೊಡುವುದಿಲ್ಲ. ಆದರೆ ಕಡಿತಕ್ಕೆ ಲೆಕ್ಕ ಬೇಕು. 14 ಶೇಕಡ ತೇವಾಂಶವನ್ನು ಆಧಾರವಾಗಿ ಹಿಡಿಯಿರಿ. 18 ಶೇಕಡ ತೇವಾಂಶದ 100 ಕೆಜಿ ಜೋಳದಲ್ಲಿ ಒಣ ಭಾಗ 82 ಕೆಜಿ. 14 ಶೇಕಡಕ್ಕೆ ಒಣಗಿದಾಗ ಅದೇ 82 ಕೆಜಿ ಒಟ್ಟು ತೂಕದ 86 ಪಾಲು ಆಗುತ್ತದೆ. 82ನ್ನು 0.86ರಿಂದ ಭಾಗಿಸಿದರೆ 95.35 ಕೆಜಿ. ಅಂದರೆ ನ್ಯಾಯವಾದ ಕಡಿತ ಕ್ವಿಂಟಲಿಗೆ 4 ಕೆಜಿ 650 ಗ್ರಾಂ. ಕಣ್ಣಂದಾಜಿನಲ್ಲಿ 6 ಕೆಜಿ ಹೊಡೆದರೆ 1 ಕೆಜಿ 350 ಗ್ರಾಂ ರೈತನದು ಹೋಯಿತು. ಒಂದು ಟ್ರ್ಯಾಕ್ಟರ್ ಲೋಡು 30 ಕ್ವಿಂಟಲ್ ಎಂದುಕೊಂಡರೆ 40 ಕೆಜಿ ದಾಟುತ್ತದೆ.

ಒಂದೇ ಕಾಳಿನ ಮೇಲೆ ತೇವಾಂಶ ನೋಡಬೇಡಿ. ಚೀಲದ ಬಾಯಿ, ನಡು, ತಳ ಮೂರೂ ಕಡೆಯಿಂದ ತೆಗೆದು ಬೆರೆಸಿ, ಮೂರು ಸಲ ಅಳೆದು ಸರಾಸರಿ ಹಿಡಿಯಿರಿ. ಬಿಸಿಲಲ್ಲಿ ಕಾದ ಜೋಳವನ್ನು ಆಗಲೇ ಅಳೆದರೆ ಮೀಟರಿನ ಅಂಕಿ ನಂಬಿಕೆಗೆ ಬರುವುದಿಲ್ಲ. ನೆರಳಿನಲ್ಲಿ ತಣಿಯಲು ಬಿಡಿ. ಅಂಕಿ ಬಂದಾಗ ಪರದೆಯನ್ನು ರೈತನ ಕಡೆ ತಿರುಗಿಸಿ.

ಚೀಲದ ತೂಕ ಕಳೆಯುವಾಗ ಹತ್ತು ಖಾಲಿ ಚೀಲ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ. ಗೋಣಿಚೀಲ ಅರ್ಧ ಕೆಜಿ ದಾಟುತ್ತದೆ, ಪ್ಲಾಸ್ಟಿಕ್ ಚೀಲ ಅದರ ಕಾಲು ಭಾಗದ ಆಸುಪಾಸು. ಪ್ಲಾಸ್ಟಿಕ್ ಚೀಲದಲ್ಲಿ ಬಂದ ಮಾಲಿಗೆ ಗೋಣಿಯ ತೂಕ ಕಳೆಯುವುದು ಕಳ್ಳತನವೇ, ಹೆಸರು ಬೇರೆ ಅಷ್ಟೆ. ಸೂಟು ಎಂದು ಹೇಳಿ ಕ್ವಿಂಟಲಿಗೆ ಒಂದೆರಡು ಕೆಜಿ ತೆಗೆಯುವುದಕ್ಕೆ ಲೆಕ್ಕವೂ ಇಲ್ಲ, ಕಾನೂನಿನ ಬಲವೂ ಇಲ್ಲ. ‘ಎಲ್ಲರೂ ತೆಗೆಯುತ್ತಾರೆ’ ಎನ್ನುವುದು ರೂಢಿಯ ಮಾತು. ನಿಮ್ಮ ಮಂಡಿಯಲ್ಲಿ ಅದು ಇಲ್ಲದಿದ್ದರೆ ಮೊದಲ ಸುಗ್ಗಿಯಲ್ಲಿ ಲಾಭ ಕಡಿಮೆಯಾಗಬಹುದು. ಅದನ್ನು ಮೊದಲೇ ಲೆಕ್ಕ ಹಾಕಿಕೊಂಡು ಇಳಿಯಿರಿ. ಪ್ರಾಮಾಣಿಕತೆಗೆ ಖರ್ಚಿಲ್ಲ ಎಂದು ನಾವು ಹೇಳುವುದಿಲ್ಲ.

ಚೀಟಿ ಮತ್ತು ಬಿಲ್ಲು

ಬಿಳಿ ಚೀಟಿಯಲ್ಲಿ ವ್ಯವಹಾರ ಮುಗಿಸಬೇಡಿ. ತೂಕ, ದರ, ಹಮಾಲಿ, ಕಡಿತ, ಕೈಗೆ ಬಂದ ಮೊತ್ತ ಎಲ್ಲವೂ ಇರುವ ಅಧಿಕೃತ ಪಟ್ಟಿಯನ್ನೇ ರೈತನ ಕೈಗೆ ಕೊಡಿ. ಎಪಿಎಂಸಿಯಲ್ಲಿ ದಲಾಲಿಯನ್ನು ಖರೀದಿದಾರನಿಂದ ಪಡೆಯಬೇಕು, ರೈತನ ಹಣದಲ್ಲಿ ಮುರಿದುಕೊಳ್ಳುವಂತಿಲ್ಲ.

ಜಿಎಸ್‌ಟಿ ವಿಷಯದಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿ (ಸಣ್ಣ ವ್ಯಾಪಾರಿ ತನ್ನ ಒಟ್ಟು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆಯನ್ನು ತಾನೇ ಕಟ್ಟುವ ಯೋಜನೆ) ಇರುವ ವ್ಯಾಪಾರಿ ಗಿರಾಕಿಯಿಂದ ಜಿಎಸ್‌ಟಿ ಎಂದು ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ತಾನು ತೆರಿಗೆ ವಸೂಲಿಗೆ ಅರ್ಹನಲ್ಲ ಎಂದು ಬಿಲ್ಲಿನ ಮೇಲೆಯೇ ಬರೆದಿರಬೇಕು. ತಿಳಿಯದೆ ವಸೂಲಿ ಮಾಡಿದ್ದರೂ ಆ ಹಣ ನಿಮ್ಮದಲ್ಲ. ಇನ್ನೊಂದು ಕಡೆ, ‘ಬಿಲ್ಲು ಬೇಕಾದರೆ ಒಂದು ರೇಟು, ಬೇಡವಾದರೆ ಒಂದು ರೇಟು’ ಎಂಬ ಮಾತು. ಅದನ್ನು ಹೇಳುವ ಅಂಗಡಿಯವನಷ್ಟೇ, ತಲೆಯಾಡಿಸಿ ಕಡಿಮೆ ರೇಟು ಆರಿಸಿಕೊಂಡ ಗಿರಾಕಿಯೂ ಅದರಲ್ಲಿ ಪಾಲುದಾರ. ಸುಂಕದವರು ಏನು ಮಾಡಬೇಕೆಂದು ಕೇಳಿದಾಗ ಸ್ನಾನಿಕನಾದ ಯೋಹಾನ ಕೆಲಸ ಬಿಡಿ ಎನ್ನಲಿಲ್ಲ; ನೇಮಿಸಿದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಎಂದ (ಲೂಕ 3:13).

ಬಟವಾಡೆ

ದಿನಗೂಲಿಯನ್ನು ಆ ಸಂಜೆಯೇ, ವಾರದ ಬಟವಾಡೆಯನ್ನು ಹೇಳಿದ ದಿನವೇ, ತಿಂಗಳ ಸಂಬಳವನ್ನು 7ನೇ ತಾರೀಖಿನೊಳಗೆ ಕೊಡಿ. ‘ಚಿಲ್ಲರೆ ಇಲ್ಲ, ನಾಳೆ ಬಾ’ ಎನ್ನುವ ಕಷ್ಟವೇ ಬೇಡ ಎಂದರೆ ಬಟವಾಡೆಯ ಹಿಂದಿನ ದಿನವೇ ಬ್ಯಾಂಕಿನಿಂದ ನೂರು, ಐವತ್ತರ ನೋಟು ತಂದಿಡಿ. ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಬರುತ್ತದೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದಲ್ಲಿ ಕೆಲಸಗಾರನಿಂದ 0.75 ಶೇಕಡ ಕಡಿತ, ಮಾಲೀಕನ ಪಾಲು 3.25 ಶೇಕಡ. ಎರಡನ್ನೂ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕೆಲಸಗಾರನ ಪಾಲನ್ನು ಮುರಿದುಕೊಂಡು ಕಟ್ಟದೆ ಇರುವುದು ಯಾಕೋಬ 5:4 ಹೇಳುವ ಕೂಗುವ ಕೂಲಿಯೇ. ಅವನಿಗೆ ಗೊತ್ತಾಗುವುದು ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದು, ಆಸ್ಪತ್ರೆಯ ಕೌಂಟರಿನಲ್ಲಿ ಕಾರ್ಡು ನಡೆಯದಾಗ.

ಕೆಲಸಗಾರನ ಕಡೆಯಿಂದಲೂ ಲೆಕ್ಕ ಇದೆ. ಗೆಳೆಯನ ಹಾಜರಿ ಹಾಕುವುದು, ಡ್ಯೂಟಿ ಹೊತ್ತಿನಲ್ಲಿ ಸ್ವಂತ ಕೆಲಸಕ್ಕೆ ಹೋಗುವುದು, ಪ್ರಾರ್ಥನಾ ಕೂಟದ ಹೆಸರಲ್ಲಿ ತಡವಾಗಿ ಬರುವುದು. ಕೊನೆಯದು ಕ್ರೈಸ್ತರಿಗೇ ಮೀಸಲಾದ ಕಾಯಿಲೆ. ಕೂಟಕ್ಕೆ ಹೋಗಲೇಬೇಕೆಂದಿದ್ದರೆ ರಜೆ ಬರೆದುಕೊಡಿ.

ಲಂಚ ಕೇಳಿದಾಗ

ಮೊದಲು ನಿಮ್ಮ ಅರ್ಜಿ ಪಕ್ಕಾ ಇರಲಿ. ಅರ್ಧಂಬರ್ಧ ದಾಖಲೆ ಕೊಟ್ಟವನೇ ‘ಖರ್ಚಿಗೆ’ ಎಂಬ ಮಾತಿಗೆ ಸಿಕ್ಕಿಬೀಳುವುದು. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಕಾಯ್ದೆಯ ವ್ಯಾಪ್ತಿಯ ಸೇವೆಯಾದರೆ ಜಿಎಸ್‌ಸಿ ಸಂಖ್ಯೆ (ಅರ್ಜಿಯ ಗುರುತಿನ ಸಂಖ್ಯೆ) ಇರುವ ರಸೀದಿ ಪಡೆಯದೆ ಕೌಂಟರ್ ಬಿಡಬೇಡಿ; 2011ರ ಆ ಕಾಯ್ದೆಯಲ್ಲಿ ಗಡುವು ಮೀರಿದರೆ ಮೇಲ್ಮನವಿಗೂ ಪರಿಹಾರಕ್ಕೂ ದಾರಿ ಇದೆ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಹಣ ಕೇಳಿದರೆ ಜಗಳಕ್ಕೆ ನಿಲ್ಲಬೇಡಿ: ‘ರಸೀದಿ ಕೊಡ್ತೀರಾ ಸಾರ್? ಎಷ್ಟಾದರೂ ಕಟ್ತೀನಿ’ ಎಂದು ಮೆಲ್ಲಗೆ ಕೇಳಿದರೆ ಎಷ್ಟೋ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಲೋಕಾಯುಕ್ತ ಪೊಲೀಸರಿಗೆ ದೂರು.

2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಕೊಡುವುದೂ ಅಪರಾಧ. ಬಲವಂತದಿಂದ ಕೊಡಬೇಕಾಗಿ ಬಂದವರು ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ರಕ್ಷಣೆ ಇದೆ. ಎಂಟನೇ ದಿನ ಬರುವ ಪಶ್ಚಾತ್ತಾಪಕ್ಕೆ ಆ ರಕ್ಷಣೆ ಇಲ್ಲ. ತುರ್ತು ಇಲ್ಲದ ಕೆಲಸವನ್ನು ತುರ್ತು ಮಾಡಿಕೊಳ್ಳಬೇಡಿ. ಮಗಳ ಪ್ರವೇಶಕ್ಕೆ ಜೂನ್‌ನಲ್ಲಿ ಬೇಕಾದ ಆದಾಯ ಪ್ರಮಾಣಪತ್ರಕ್ಕೆ ಏಪ್ರಿಲ್‌ನಲ್ಲೇ ಅರ್ಜಿ ಹಾಕಿ.

ಸಭೆಯ ಹಣ

ಕಾಣಿಕೆ ಎಣಿಸಲು ಒಂದೇ ಮನೆಯವರಲ್ಲದ ಇಬ್ಬರು ಕೂರಲಿ. ನೋಟುವಾರು ಚೀಟಿ ಬರೆದು ಇಬ್ಬರೂ ಸಹಿ ಹಾಕಲಿ, ಮುಂದಿನ ಬ್ಯಾಂಕ್ ದಿನವೇ ಪೂರಾ ಜಮಾ ಆಗಲಿ. ಕಾಣಿಕೆ ಚೀಲದಿಂದಲೇ ಟೀ ಖರ್ಚು ತೆಗೆದರೆ ಆಮೇಲೆ ಯಾವ ಲೆಕ್ಕವೂ ಕೂಡುವುದಿಲ್ಲ. ಕ್ಯೂಆರ್ ಕೋಡ್ ಸಭೆಯ ಖಾತೆಯದಾಗಿರಲಿ, ಪಾಸ್ಟರ್ ಅಥವಾ ಖಜಾಂಚಿಯ ಫೋನಿನದಲ್ಲ. ಕಟ್ಟಡ ನಿಧಿಗೆ ಕೊಟ್ಟದ್ದು ಕಟ್ಟಡಕ್ಕೇ. ಇದನ್ನು ಅಪನಂಬಿಕೆ ಎನ್ನುವವರಿಗೆ 2 ಕೊರಿಂಥ 8:20, 21 ತೋರಿಸಿ. ಸಹಾಯದ ಹಣ ಒಯ್ಯುವಾಗ ಪೌಲನೇ ಯಾರೂ ಬೊಟ್ಟು ಮಾಡಬಾರದೆಂದು ಜೊತೆಗೆ ಜನರನ್ನು ಕರೆದುಕೊಂಡ.

ತಪ್ಪಿದ್ದನ್ನು ಮರಳಿಸುವುದು

ಹೆಚ್ಚು ಜನ ಬಿಟ್ಟುಬಿಡುವ ಭಾಗ ಇದು. ಅಳುವುದು, ಅರಿಕೆ ಮಾಡುವುದು ನಡೆಯುತ್ತದೆ, ಹಣ ಮಾತ್ರ ಅಲ್ಲೇ ಉಳಿಯುತ್ತದೆ. ಯಾಜಕಕಾಂಡ 6ರ ಆರಂಭದಲ್ಲಿ ವಿಧಾನ ಸ್ಪಷ್ಟ: ಅಸಲು, ಅದರ ಮೇಲೆ ಐದನೇ ಒಂದು ಪಾಲು, ಯಾರದ್ದೋ ಅವರಿಗೇ. ಬಲಿ ಅದರ ನಂತರ. ಸುಂಕದವನಾದ ಜಕ್ಕಾಯನು ನಾಲ್ಕರಷ್ಟು ಕೊಡುತ್ತೇನೆ ಎಂದ (ಲೂಕ 19:8).

ಲೆಕ್ಕ ಹೀಗೆ. ಮಷಿನ್ ಕೆಜಿಗೆ 20 ಗ್ರಾಂ ಕಡಿಮೆ ಕೊಡುತ್ತಿತ್ತು, ದಿನಕ್ಕೆ 40 ಕೆಜಿ ವ್ಯಾಪಾರ, 300 ದಿನ ನಡೆದಿದೆ ಎಂದುಕೊಳ್ಳಿ. ಕೊರತೆ 240 ಕೆಜಿ. ಕೆಜಿಗೆ 50 ರೂಪಾಯಿಯಂತೆ 12,000, ಐದನೇ ಒಂದು ಪಾಲು 2,400, ಒಟ್ಟು 14,400. ಉದ್ರಿ ಪುಸ್ತಕದಲ್ಲಿ ಹೆಸರಿರುವ ಗಿರಾಕಿಗಳಿಗೆ ಅವರವರ ಖರೀದಿಯ ಪ್ರಮಾಣಕ್ಕೆ ತಕ್ಕಂತೆ ಬಾಕಿಯಲ್ಲಿ ಕಳೆಯಿರಿ, ಯಾಕೆ ಕಳೆದಿದ್ದೀರಿ ಎಂದೂ ಹೇಳಿ. ಒಂದೇ ಕಂತಿನಲ್ಲಿ ಆಗದಿದ್ದರೆ ತಾರೀಖು ಬರೆದು ಕಂತು ಮಾಡಿ. ಮುಚ್ಚಿಟ್ಟ ಜಿಎಸ್‌ಟಿಯನ್ನು ನೋಟಿಸು ಬರುವ ಮೊದಲೇ ಬಡ್ಡಿ ಸಮೇತ ಡಿಆರ್‌ಸಿ-03 ನಮೂನೆಯಲ್ಲಿ ಕಟ್ಟಬಹುದು. ಲೆಕ್ಕಪರಿಶೋಧಕರ ಹತ್ತಿರ ಇಡೀ ಸಂಗತಿ ಹೇಳಿ, ಅರ್ಧ ಹೇಳಿದರೆ ಅರ್ಧ ತಪ್ಪೇ ಉಳಿಯುತ್ತದೆ.

ಮಾಲೀಕರಿಗೆ ಮರಳಿಸುವ ನೌಕರನು ಕವರಿನಲ್ಲಿಟ್ಟು ಹೆಸರಿಲ್ಲದೆ ಮೇಜಿನ ಮೇಲೆ ಬಿಡುವುದು ಬೇಡ. ಆ ಹಣದ ಲೆಕ್ಕ ಹೊಂದಿಸಲಾಗದೆ ಅನುಮಾನ ಇನ್ನೊಬ್ಬರ ಮೇಲೆ ಹೋಗುತ್ತದೆ. ಕೆಲಸ ಹೋಗಬಹುದು ಎಂಬ ಭಯ ಸುಳ್ಳಲ್ಲ, ಆದ್ದರಿಂದ ಮನೆಯವರೊಂದಿಗೆ ಮಾತಾಡಿಕೊಂಡು ಹೋಗಿ.

ಹೆಸರು ಗೊತ್ತಿಲ್ಲದ ಗಿರಾಕಿಗಳ ಪಾಲು ಉಳಿಯುತ್ತದೆ. ಮರಳಿ ಪಡೆಯುವವರು ಯಾರೂ ಇಲ್ಲದಿದ್ದರೆ ಅದು ಕರ್ತನಿಗೆ ಸೇರಲಿ ಎಂದು ಅರಣ್ಯಕಾಂಡ 5:8 ಹೇಳುತ್ತದೆ. ಬಡವರ ಊಟಕ್ಕೋ ಔಷಧಿಗೋ ಕೊಡಿ. ಅದನ್ನು ದಶಮಾಂಶದಲ್ಲಿ ಸೇರಿಸಬೇಡಿ, ಸಭೆಯ ದಾನಿಗಳ ಪಟ್ಟಿಯಲ್ಲಿ ಹೆಸರು ಬರೆಸಬೇಡಿ. 80ಜಿ ರಸೀದಿಯನ್ನೂ ಕೇಳಬೇಡಿ. ಗಿರಾಕಿಯ ಹಣಕ್ಕೆ ನೀವು ತೆರಿಗೆ ರಿಯಾಯಿತಿ ಪಡೆದಂತಾಗುತ್ತದೆ.