ತೂಕ ಕೊಡುವ ಅಭ್ಯಾಸ: ಸ್ಪರ್ಶಾಧಾರಿತ ನೃತ್ಯಕ್ಕೆ ತೊಡಗುವವರಿಗೆ

ಸಮಕಾಲೀನ ನೃತ್ಯದಲ್ಲಿ ಒಬ್ಬರ ಮೈತೂಕ ಇನ್ನೊಬ್ಬರ ಮೇಲೆ ನಿಜವಾಗಿ ಬಿದ್ದಿದೆಯೋ ಇಲ್ಲವೋ ಎಂಬುದು ಪ್ರೇಕ್ಷಕರಿಗೆ ಕೂಡಲೇ ತಿಳಿದುಬಿಡುತ್ತದೆ. ಅಮೆರಿಕದ ನೃತ್ಯ ಕಲಾವಿದ ಸ್ಟೀವ್ ಪ್ಯಾಕ್ಸ್‌ಟನ್ 1972ರಲ್ಲಿ ಆರಂಭಿಸಿದ ಕಾಂಟ್ಯಾಕ್ಟ್ ಇಂಪ್ರೊವೈಸೇಶನ್ ಪದ್ಧತಿಯಲ್ಲಿ ಮೊದಲೇ ಹೆಣೆದ ಹೆಜ್ಜೆಗಳಿರುವುದಿಲ್ಲ. ಎರಡು ಮೈಗಳು ತಾಗುವ ಜಾಗವನ್ನೂ ಅಲ್ಲಿ ಹಂಚಿಕೊಂಡ ತೂಕವನ್ನೂ ಅನುಸರಿಸಿ ಚಲನೆ ಹುಟ್ಟುತ್ತದೆ.

ಕಲಬುರಗಿಯಲ್ಲಿ ಇದನ್ನು ಅಭ್ಯಾಸ ಮಾಡುವವರು ಮೊದಲು ನೆಲವನ್ನು ಗಮನಿಸಬೇಕು. ಶಹಾಬಾದ್ ಕಲ್ಲಿನ ನೆಲ ತಂಪಾಗಿದ್ದರೂ ಬೀಳುವವರ ಮೊಣಕಾಲಿಗೆ ಒಳ್ಳೆಯದಲ್ಲ, ಅದರ ಮೇಲೆ ಬರೀ ಜಮಖಾನ ಹಾಸಿದರೆ ಅದೂ ಜಾರುತ್ತದೆ. ಕುಸ್ತಿಯ ಮ್ಯಾಟ್ ಸಿಕ್ಕರೆ ಉತ್ತಮ. ಉಷ್ಣಾಂಶ 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಬೇಕು ಮತ್ತು ಬೆವರಿದ ಚರ್ಮ ಜಾರುವುದರಿಂದ ಉದ್ದ ತೋಳಿನ ಹತ್ತಿ ಬಟ್ಟೆ ಧರಿಸಬೇಕು. ಬಳೆ, ಉಂಗುರ, ಗಡಿಯಾರಗಳನ್ನು ತೆಗೆದಿಡಬೇಕು.

ಆರಂಭಿಸುವ ಮೊದಲೇ ಎಲ್ಲಿ ಮುಟ್ಟಬಹುದು, ಎಲ್ಲಿ ಬೇಡ, ಹಳೆಯ ನೋವೇನಾದರೂ ಇದೆಯೇ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಒಬ್ಬರು "ಸಾಕು" ಎಂದರೆ ಮತ್ತೊಬ್ಬರು ಕಾರಣ ಕೇಳದೆ ನಿಲ್ಲಿಸಬೇಕು. ಕಲಿಸುವವರಿಗೂ ಈ ನಿಯಮದಿಂದ ವಿನಾಯಿತಿ ಇರಬಾರದು.

ಮೊದಲು ಕಣ್ಣು ಮುಚ್ಚಿ ಸುಮ್ಮನೆ ನಿಂತು, ಮೈ ಬೀಳದಂತೆ ತಾನೇ ಮಾಡಿಕೊಳ್ಳುವ ಸಣ್ಣ ತೂಗಾಟವನ್ನು ಗಮನಿಸಿರಿ. ಪ್ಯಾಕ್ಸ್‌ಟನ್ ಇದನ್ನು ಸ್ಮಾಲ್ ಡಾನ್ಸ್ ಎಂದು ಕರೆದರು. ಆಮೇಲೆ ಬೆನ್ನಿಗೆ ಬೆನ್ನು ತಾಗಿಸಿ ನಿಂತು, ಉಸಿರು ಬಿಡುತ್ತ ಸ್ವಲ್ಪ ಸ್ವಲ್ಪವಾಗಿ ಒರಗಿರಿ. ಹೊಸಬರು ಇಲ್ಲಿ ಸ್ನಾಯು ಬಿಗಿಹಿಡಿದು ತಳ್ಳುತ್ತಾರೆ, ಆದರೆ ತಳ್ಳುವುದು ತೂಕ ಕೊಡುವುದಾಗುವುದಿಲ್ಲ. ಜೊತೆಗಾರರು ನಿಧಾನವಾಗಿ ಸರಿದಾಗ ನಿಮ್ಮ ಮೈ ಒಂದಿಷ್ಟೂ ವಾಲದಿದ್ದರೆ ನೀವು ಇನ್ನೂ ತೂಕ ಕೊಟ್ಟಿಲ್ಲವೆಂದೇ ತಿಳಿಯಬೇಕು. ಹಾಗೆಂದು ಸುರಕ್ಷಿತವಾಗಿ ನೆಲ ಸೇರುವ ಹೊಣೆಯನ್ನು ಅವರ ಮೇಲೆ ಹಾಕುವಂತಿಲ್ಲ.

ಒರಗುವುದು ರೂಢಿಯಾದ ಬಳಿಕ ತಾಗಿದ ಜಾಗವನ್ನು ಬೆನ್ನಿನಿಂದ ಭುಜಕ್ಕೆ, ಭುಜದಿಂದ ಸೊಂಟಕ್ಕೆ ಎಲ್ಲಿಯೂ ಕಡಿಯದಂತೆ ಉರುಳಿಸಿಕೊಂಡು ಹೋಗಿರಿ. ಅಂಗೈ ಬಳಸದಿರುವುದು ಲೇಸು, ಏಕೆಂದರೆ ಕೈ ಬಂದೊಡನೆ ಹಿಡಿಯುವ, ನಡೆಸುವ ಆಸೆಯೂ ಬರುತ್ತದೆ. ಜೊತೆಗಾರರನ್ನು ಎತ್ತುವಾಗ ಮೊಣಕಾಲು ಮಡಿಸಿ, ನಿಮ್ಮ ಸೊಂಟವನ್ನು ಅವರ ಸೊಂಟದ ಕೆಳಗೆ ತಂದುಕೊಳ್ಳಬೇಕು. ಕುಸ್ತಿಯ ತಾಲೀಮಿನಲ್ಲಿ ಪಳಗಿದವರಿಗೆ ಇದು ಬೇಗ ಒಲಿಯುತ್ತದೆ, ಅವರು ಬಿಡಬೇಕಾದದ್ದು ಬಿಗಿಹಿಡಿತವನ್ನು ಮಾತ್ರ. ಭರತನಾಟ್ಯ ಕಲಿತವರು ಮುಖಾಭಿನಯವನ್ನು ಸದ್ಯಕ್ಕೆ ಬದಿಗಿಡುವುದು ಒಳ್ಳೆಯದು.

ಮೊದಲೇ ಸಂಯೋಜಿಸಿದ ನೃತ್ಯದಲ್ಲಿಯೂ ಹೀಗೆ ನಿಜವಾಗಿ ತೂಕ ಕೊಡುವುದು ಸಾಧ್ಯ. ಜರ್ಮನಿಯ ನೃತ್ಯ ಸಂಯೋಜಕಿ ಪೀನಾ ಬೌಶ್ ಅವರ 1978ರ ಕೃತಿ ಕೆಫೆ ಮ್ಯೂಲರ್‌ನಲ್ಲಿ ಅಪ್ಪಿಕೊಂಡ ಜೋಡಿಯನ್ನು ಮೂರನೆಯವನೊಬ್ಬ ಬಿಡಿಸಿ, ಹೆಣ್ಣನ್ನು ಗಂಡಿನ ತೋಳುಗಳ ಮೇಲೆ ಮಲಗಿಸುತ್ತಾನೆ. ತೋಳುಗಳು ಹಿಡಿಯದೆ ಆಕೆ ಬೀಳುತ್ತಾಳೆ, ಎದ್ದು ಮತ್ತೆ ಅಪ್ಪುತ್ತಾಳೆ, ಇದು ಪದೇ ಪದೇ ನಡೆಯುತ್ತದೆ. ಕ್ರಮ ನಿಗದಿಯಾಗಿದ್ದರೂ ಪ್ರತಿ ಬೀಳುವಿಕೆಯೂ ನಿಜವಾಗಿಯೇ ಇರುತ್ತದೆ. ಇಂಥದ್ದನ್ನು ಪ್ರಯತ್ನಿಸುವವರು ಪೆಟ್ಟು ಒಂದೇ ಎಲುಬಿನ ಮೇಲೆ ಬೀಳದಂತೆ ಮೀನಖಂಡ, ತೊಡೆ, ಪಕ್ಕೆ ಹೀಗೆ ಸರದಿಯಂತೆ ನೆಲಕ್ಕಿಳಿಯುವುದನ್ನು ಮೊದಲು ಕಲಿಯಬೇಕು, ಪ್ರದರ್ಶನದ ದಿನ ರಂಗಮಂದಿರದ ನೆಲದ ಮೇಲೂ ಬರಿಗಾಲಲ್ಲಿ ನಡೆದು ನಿಧಾನವಾಗಿ ಒಮ್ಮೆ ಬಿದ್ದು ನೋಡಬೇಕು.